ಮಂಗಳಾರತಿಯೊಳಗೆ ಬೇಯುವ ಮೀನು

ಬೇರೆಯವರಿಗೆ ದೆವ್ವಭೂತದ ಪ್ರಸಂಗಗಳು ವರ್ಷಕ್ಕೊಂದು ಆದರೆ ಹೆಚ್ಚು. ನನಗೆ ಮಾತ್ರ ವಾರದ ಸಂತೆಯ ಹಾಗೆ ತಪ್ಪದೆ ಬಂದು ನೆರೆಯುತ್ತವೆ. ಇದಕ್ಕೆ ಕಾರಣ ನನ್ನ ಧೈರ್ಯ ಅಂತ ನಾನು ಹೇಳುತ್ತೇನೆ, ನನ್ನ ಬಾಯಿ ಅಂತ ನಮ್ಮವ್ವ ಹೇಳುತ್ತಾಳೆ. ಇರಲಿ, ಅವ್ವ ಅಂದ ಮೇಲೆ ಏನಾದರೂ ಅನ್ನಲೇಬೇಕು.

ನಾನು ಹಿರೇಹಡಗಲಿ ಕಡೆಯ ಹಳ್ಳಿ ಹುಡುಗ. ಸಮುದ್ರವನ್ನು ಇವತ್ತಿನವರೆಗೆ ಕಣ್ಣಿಂದ ಕಂಡವನಲ್ಲ. ಆದರೆ ಹಗರಿಬೊಮ್ಮನಹಳ್ಳಿಯಿಂದ ಕೊಟ್ಟೂರಿನ ತನಕ ಸಮುದ್ರದ ಮೀನು ಅಂದರೆ ನಾನೇ. ಕರಾವಳಿಯಿಂದ ಐಸಿನಲ್ಲಿ ಬರುವ ಬಂಗುಡೆ, ಸಿಗಡಿಯನ್ನು ಹಗರಿಬೊಮ್ಮನಹಳ್ಳಿಯ ನನ್ನ ಶೆಡ್ಡಿನಲ್ಲಿ ಇಳಿಸಿಕೊಂಡು, ಕ್ಲೀನು ಮಾಡಿ, ತೊಳೆದು, ಖಾರ, ಉಪ್ಪು, ಲಿಂಬೆರಸ, ಬೆಳ್ಳುಳ್ಳಿ ಹಚ್ಚಿ ಪಾಕೀಟು ಮಾಡಿ, ಸಂಜೆ ಬೈಕಿಗೆ ಪೆಟ್ಟಿಗೆ ಬಿಗಿದು ಹೊರಡುತ್ತೇನೆ. ಡ್ಯೂಟಿ ಮುಗಿಸಿ ಸುಸ್ತಾಗಿ ಬಂದವರು ಅದನ್ನು ಹಂಚಿನ ಮೇಲೆ ಹಾಕಿದರೆ ಮುಗಿಯಿತು, ಊಟ ತಯಾರು. ಇಂಥ ಐಡಿಯಾ ಐದು ತಾಲ್ಲೂಕಿನಲ್ಲಿ ಒಬ್ಬನಿಗೂ ಹೊಳೆದಿರಲಿಲ್ಲ. ನನಗೆ ಹೊಳೆಯಿತು. ಇದು ಕೆಟ್ಟರೆ ನನಗಾಗಿ ಕಾದಿರುವುದು ಹರಪನಹಳ್ಳಿಯಲ್ಲಿರುವ ಸೋದರಮಾವನ ಗೊಬ್ಬರದ ಅಂಗಡಿ. "ಚೀಲ ಹೊರಾಕ ಒಂದು ಹೆಗಲು ಬೇಕಾಗೇತಿ, ಯಾವಾಗ ಬರ್ತೀಯಪಾ?" ಅಂತ ಮಾವ ಹಬ್ಬಹಬ್ಬಕ್ಕೂ ಎತ್ತಿನ ಹೆಗಲು ನೋಡಿದಂತೆ ನನ್ನ ಹೆಗಲು ಒತ್ತಿ ನೋಡುತ್ತಾನೆ.

೧. ಹುಣಸೆಮರದ ಅಜ್ಜ

ಮೂರುಸಂಜೆಯಲ್ಲಿ ಮೀನು, ಮಾಂಸ ಒಯ್ಯುವಾಗ ಜೊತೆಗೆ ಒಂದು ಚೂರು ಇದ್ದಿಲು ಇಟ್ಟುಕೊಳ್ಳಬೇಕು, ಇಲ್ಲದಿದ್ದರೆ ವಾಸನೆ ಹಿಡಿದು ದೆವ್ವ ಬೆನ್ನು ಹತ್ತುತ್ತದೆ. ಇದು ನಮ್ಮ ಕಡೆ ಕೂಸಿಗೂ ಗೊತ್ತು. ಅವ್ವ ದಿನಾ ಇದ್ದಿಲು ಕೊಡುವಳು, ನಾನು ಓಣಿ ದಾಟಿದ ಕೂಡಲೇ ಎಸೆಯುವವನು.

"ಬ್ಯಾಡವಾ ಇದೆಲ್ಲ. ದೆವ್ವ ಬಂದ್ರ ಅದಕ್ಕೂ ಒಂದು ಪಾಕೀಟು ತಿನ್ನಿಸಿ ಬರ್ತೀನಿ" ಅಂದಿದ್ದೆ.

ಒಂದು ಸಂಜೆ ಕೊಟ್ಟೂರಿನ ದಾರಿಯಲ್ಲಿ, ಹುಣಸೆಮರದ ಕೆಳಗೆ, ಕಂಬಳಿ ಹೊದ್ದ ಅಜ್ಜನೊಬ್ಬ ಕೈ ಅಡ್ಡ ಮಾಡಿದ. ಮುಂದೆ ಹಿಂದೆ ಒಂದು ಊರಿಲ್ಲ, ಒಂದು ದೀಪವಿಲ್ಲ. ಹತ್ತಿಸಿಕೊಂಡೆ. ನನ್ನ ಬೆನ್ನಿಗೂ ಪೆಟ್ಟಿಗೆಗೂ ನಡುವೆ ಕೂತ. ಕೂತಿದ್ದೇ ಗೊತ್ತಾಗಲಿಲ್ಲ, ಅಷ್ಟು ಹಗುರ.

"ಪೆಟ್ಟಿಗ್ಯಾಗ ಏನೈತಿ?" ಅಂದ.

"ಮೀನಜ್ಜ."

"ಇದ್ದಿಲು ಹಾಕೀದಿಲ್ಲೋ?"

"ಅಂಥವೆಲ್ಲ ನಾ ನಂಬಂಗಿಲ್ಲ. ದೆವ್ವಗೋಳ ನನ್ನ ಕಂಡ್ರ ದಾರಿ ಬಿಡ್ತಾವ."

ಅಜ್ಜ ಕಂಬಳಿಯನ್ನು ಇನ್ನಷ್ಟು ಬಿಗಿಯಾಗಿ ಹೊದ್ದುಕೊಂಡ. ಆಮೇಲೆ ನನ್ನ ಕಿವಿಯ ಹತ್ತಿರ, ತಣ್ಣಗೆ, "ನೀ ಮನಷ್ಯಾ ಅಲ್ಲ ಬಿಡಪಾ" ಅಂದ. ಹೊಗಳಿಕೆ ಅಂದುಕೊಂಡು ಖುಷಿಯಾಗಿ ನನ್ನ ಮಿಕ್ಕ ಸಾಹಸಗಳನ್ನೂ ಹೇಳುತ್ತಾ ಹೋದೆ. ಕೊಟ್ಟೂರಿನ ಹೊರಗೆ ರಸ್ತೆ ಉಬ್ಬು ದಾಟಿ, "ಎಲ್ಲಿ ಇಳೀತೀಯಜ್ಜಾ?" ಅಂತ ತಿರುಗಿದರೆ ಸೀಟು ಖಾಲಿ. ಪೆಟ್ಟಿಗೆಯ ಮೇಲೆ ಬರೀ ಕಂಬಳಿ ಬಿದ್ದಿತ್ತು. ಅದರೊಳಗೆ ಯಾರೂ ಇರಲಿಲ್ಲ. ಊರೊಳಗೆ ಹೇಗೆ ಬಂದೆನೋ ಬೈಕಿಗೇ ಗೊತ್ತು.

ಮರುದಿನ ಕೊಟ್ಟೂರಿನ ಚಹಾದಂಗಡಿಯಲ್ಲಿ ಕೂತಿದ್ದೆ. ಒಬ್ಬ ಅಜ್ಜ ಕುಂಟುತ್ತಾ ಬಂದು ಎಲ್ಲರಿಗೂ ಹೇಳತೊಡಗಿದ. "ನಿನ್ನಿ ಹುಣಸೀಮರದ ಹತ್ರ ದೆವ್ವ ನನ್ನ ಬೈಕಿಗೆ ಹತ್ತಿಸ್ಕೊಂಡಿತ್ರೀ! ಮೈಯೆಲ್ಲ ಮೀನಿನ ನಾತ. ಇದ್ದಿಲು ಅಂದ್ರ ಆಗಂಗಿಲ್ಲ ಅಂತು. ಉಬ್ಬಿನ್ಯಾಗ ಬೈಕ್ ನಿಧಾನ ಆತು, ಜಿಗದು ಜೀವ ಉಳಿಸ್ಕೊಂಡೆ."

"ದೆವ್ವ ಅಂತ ಹೆಂಗ ಗೊತ್ತಾತು?" ಅಂತ ಅಂಗಡಿಯವನು ಕೇಳಿದ.

"ದಾರಿ ತುಂಬ ತನ್ನ ತಾನ ಹೊಗಳಿಕೊಂತ ಹೊಂಟಿತ್ತಪಾ. ಮನಷ್ಯಾರು ಅಷ್ಟು ಹೊಗಳಿಕೊಳ್ಳಂಗಿಲ್ಲ."

ಅವತ್ತಿನಿಂದ ಪಾಕೀಟಿಗೊಂದು ಚೂರು ಇದ್ದಿಲು ಹಾಕುತ್ತೇನೆ. ಹೆದರಿ ಅಲ್ಲ. ಹಿರಿಯರು ತಪ್ಪು ತಿಳಿಯಬಾರದಲ್ಲ, ಅದಕ್ಕೆ.

೨. ಗಂಟೆಯ ಅಡುಗೆ

ಕೊಟ್ಟೂರಿನಲ್ಲಿ ನನ್ನ ಅರ್ಧ ವ್ಯಾಪಾರ ಒಂದೇ ಕಡೆ, ಒಂದು ಸಾಲುಮನೆಯಲ್ಲಿ. ಅಲ್ಲಿ ಬಾಡಿಗೆಗೆ ಇರುವವರು ಶಾಲೆಯ ಮೇಡಂ, ಆಸ್ಪತ್ರೆಯ ನರ್ಸಮ್ಮ, ಬ್ಯಾಂಕಿನ ಒಬ್ಬ ಹುಡುಗ, ಹೀಗೆ ಎಲ್ಲ ನೌಕರಿಯವರು. ಮನೆ ಮಾಲೀಕರು ವಯಸ್ಸಾದ ಗಂಡಹೆಂಡತಿ. ಸಾಲು ಪೂರ್ತಿ ಅವರನ್ನು ಯಜಮಾನರು, ಅಮ್ಮಾರು ಅನ್ನುತ್ತದೆ. ಕಾಳಿನ ವ್ಯಾಪಾರ ಮಾಡಿ ಬಿಟ್ಟವರು, ತಲೆತಲಾಂತರದಿಂದ ಮೊಟ್ಟೆಯನ್ನೂ ಮುಟ್ಟದ ಮನೆತನ. ಬಾಡಿಗೆಗೆ ಕೊಡುವಾಗಲೇ ಷರತ್ತು. "ನಮ್ಮ ಸಾಲಿನ್ಯಾಗ ಮೀನು ಗೀನು ನಡಿಯಂಗಿಲ್ರೀ."

ಆದರೆ ಸಂಜೆ ದೀಪ ಹಚ್ಚುವ ಹೊತ್ತಿಗೆ ಯಜಮಾನರು ಗುಡಿಗೆ, ಅಮ್ಮಾರು ಭಜನೆಗೆ ಹೋಗುತ್ತಾರೆ. ಮಂಗಳಾರತಿ ಮುಗಿದ ಮೇಲೆ ಬರುತ್ತಾರೆ. ಆ ನಡುವೆ ಮೀನು ಬೇಯಬೇಕು, ಹೊಟ್ಟೆಗೆ ಇಳಿಯಬೇಕು, ವಾಸನೆ ಊರು ಬಿಡಬೇಕು. ಅದಕ್ಕಂತಲೇ ನಾನು ಗಂಟೆಯ ಅಡುಗೆ ಕಂಡುಹಿಡಿದೆ. ಗುಡಿಯ ಮೊದಲ ಗಂಟೆಗೆ ಹಂಚು ಕಾಯಬೇಕು. ನಗಾರಿಗೆ ಬಂಗುಡೆಯನ್ನು ರವೆಯಲ್ಲಿ ಹೊರಳಿಸಿ ಒಂದು ಮಗ್ಗಲು, ಶಂಖಕ್ಕೆ ಇನ್ನೊಂದು ಮಗ್ಗಲು. ಸಿಗಡಿಯಾದರೆ ಇನ್ನೂ ಸಲೀಸು. ಉಳ್ಳಾಗಡ್ಡಿ ಬಾಡಿಸಿ, ಸಿಗಡಿ ಸುರುವಿ, ಮೇಲೆ ಗುರೆಳ್ಳು ಪುಡಿ ಉದುರಿಸಿ ಮುಚ್ಚಿದರೆ ಶಂಖದ ಉಸಿರು ಮುಗಿಯುವುದರೊಳಗೆ ರೊಟ್ಟಿಗೆ ಪಲ್ಯ ತಯಾರು. ಮಂಗಳಾರತಿಗೆ ತಟ್ಟೆ ತೊಳೆದಿರಬೇಕು. ಯಜಮಾನರ ಚಪ್ಪಲಿ ಸಪ್ಪಳಕ್ಕೆ ಲೋಬಾನದ ಹೊಗೆ ಎದ್ದಿರಬೇಕು.

ಒಂದು ಮಂಗಳವಾರ ಪೂಜಾರಿಗೆ ಹಡಗಲಿ ಬಸ್ಸು ಹಿಡಿಯುವುದಿತ್ತಂತೆ. ನಗಾರಿ, ಶಂಖ, ಮಂಗಳಾರತಿ ಎಲ್ಲ ಒಂದರ ಬೆನ್ನಿಗೆ ಒಂದು ಓಡಿದವು. ಸಾಲಿನ ಮೀನೆಲ್ಲ ಒಂದೇ ಮಗ್ಗಲು ಬೆಂದಿವೆ, ಅಷ್ಟರಲ್ಲಿ ಓಣಿಯ ತುದಿಯಲ್ಲಿ ಚಪ್ಪಲಿ ಸಪ್ಪಳ! ಎಲ್ಲರೂ ಬಾಣಲೆಯನ್ನು ಮಂಚದ ಕೆಳಗೆ ತಳ್ಳಿ, ಲೋಬಾನವನ್ನು ಮುಷ್ಟಿ ಮುಷ್ಟಿ ಸುರಿದರು. ಓಣಿಯಲ್ಲಿ ಹೊಗೆ ಬಿಟ್ಟು ಬೇರೇನೂ ಕಾಣದು. ಆ ಹೊಗೆಯೊಳಗಿಂದ ಬಿಳಿ ಧೋತರವೊಂದೇ ತೇಲುತ್ತ ಬಂದು ಮೇಡಂ ಬಾಗಿಲಲ್ಲಿ ನಿಂತಿತು. ಮೇಡಂ ಉಸಿರು ಬಿಗಿಹಿಡಿದರು. ಯಜಮಾನರು ಕಣ್ಣು ಮುಚ್ಚಿ, ಬಹಳ ಹೊತ್ತು, ಆಳವಾಗಿ ಉಸಿರೆಳೆದುಕೊಂಡರು.

"ಶಿವಾ! ಎಲ್ಲಾ ಮನ್ಯಾಗೂ ಎಂಥಾ ಭಕ್ತಿ! ನಮ್ಮ ಸಾಲು ಸಾಲಲ್ರೀ ಮೇಡಂ, ಕೈಲಾಸ ಆಗೈತಿ" ಅಂದರಂತೆ. ಮತ್ತೊಮ್ಮೆ ಉಸಿರೆಳೆದುಕೊಂಡು ಹೋದರಂತೆ.

೩. ಮುಳ್ಳಿಲ್ಲದ ಮೀನು

ಬ್ಯಾಂಕಿನ ಹುಡುಗ ಮೈಸೂರಿನವನು. ಅವ್ವ ಬಡಿಸಿದ್ದನ್ನು ಉಂಡು ಬೆಳೆದವನು, ಗ್ಯಾಸು ಹಚ್ಚಿದ್ದೇ ಕೊಟ್ಟೂರಿಗೆ ಬಂದ ಮೇಲೆ. ಮೊದಲ ಸಲ ಪಾಕೀಟು ಕೊಡುವಾಗ "ಏನೂ ಮಾಡಬ್ಯಾಡ್ರೀ ಸರ್, ಒಳಗ ಇದ್ದದ್ದನ್ನೆಲ್ಲ ಹಂಚಿಗೆ ಹಾಕ್ರಿ, ಎರಡೂ ಮಗ್ಗಲು ತಿರುವ್ರಿ" ಅಂದೆ. ನನ್ನ ಪಾಕೀಟಿನ ಹೆಚ್ಚುಗಾರಿಕೆಯೇ ಅದು.

ಆ ಸಂಜೆ ಓಣಿ ಸುತ್ತಿ ವಾಪಸು ಬರುವಾಗ ಅವನ ಕೋಣೆಯಿಂದ ಒಂದು ಸಪ್ಪಳ ಬರುತ್ತಿತ್ತು. ಕಟಂ... ಕಟಂ... ನಾಯಿ ಎಲುಬು ಕಡಿದ ಹಾಗೆ. ಕರೆಂಟು ಬೇರೆ ಇರಲಿಲ್ಲ. ಕಿಟಕಿಯಲ್ಲಿ ಮೇಣದಬತ್ತಿ ಬೆಳಕು. ಬಗ್ಗಿ ನೋಡಿದರೆ ಅವನು ತಟ್ಟೆಯ ಮುಂದೆ ಕೂತಿದ್ದಾನೆ, ತುಟಿ ಕಪ್ಪು, ಹಲ್ಲು ಕಪ್ಪು, ಗದ್ದದ ಮೇಲೆ ಕಪ್ಪು ಜೊಲ್ಲು. ನನ್ನನ್ನು ಕಂಡು ನಕ್ಕ. ನನ್ನ ಜಾಗದಲ್ಲಿ ಬೇರೆ ಯಾರಾದರೂ ಇದ್ದಿದ್ದರೆ ಅಲ್ಲೇ ಎದೆ ಒಡೆದುಕೊಳ್ಳುತ್ತಿದ್ದರು. ನಾನು ಬರೀ ಬೈಕು ಬಿಟ್ಟು ಓಡಿದೆ.

ಬೆಳಗ್ಗೆ ಅವನೇ ಫೋನು ಮಾಡಿದ. "ಚೆನ್ನಾಗಿತ್ತು ಕಣೋ. ಖಾರ ಸರಿಯಾಗಿ ಹಿಡಿದಿತ್ತು. ಆ ಚಿಕ್ಕ ಕಪ್ಪು ಮೀನು ಮಾತ್ರ ಸ್ವಲ್ಪ ಗಟ್ಟಿ. ಆದ್ರೆ ಒಂದು ಒಳ್ಳೇದು, ಅದರಲ್ಲಿ ಮುಳ್ಳೇ ಇರಲಿಲ್ಲ."

೪. ಕಿಟಕಿಯ ಕೈ

ಸಾಲಿನ ಕೊನೇ ಮನೆಗೆ ಯಾವಾಗಲೂ ಬೀಗ. ತುಕ್ಕು ಹಿಡಿದು ಬಾಗಿಲಿಗೇ ಅಂಟಿಕೊಂಡ ಬೀಗ. ಒಂದು ಶುಕ್ರವಾರ ಮೂರುಸಂಜೆ ಅದರ ಮುಂದೆ ಹಾಯುವಾಗ ಕಿಟಕಿ ಒಂದು ಗೇಣು ತೆರೆಯಿತು. ಸರಳಿನ ನಡುವಿನಿಂದ ಒಂದು ಕೈ ಹೊರಗೆ ಬಂತು. ಸಣ್ಣ ಕೈ, ಕೈತುಂಬ ಹಸಿರು ಗಾಜಿನ ಬಳೆ. ಅಷ್ಟು ಬಳೆ ಒಂದಕ್ಕೊಂದು ತಾಗುತ್ತಿದ್ದರೂ ಒಂದಿಷ್ಟು ಸಪ್ಪಳವಿಲ್ಲ. ಅಂಗೈ ಚಾಚಿ ಸುಮ್ಮನೆ ನಿಂತಿತು.

"ಯಾರ್ರೀ?" ಅಂದೆ. ಅಂಗೈ ಇನ್ನಷ್ಟು ಮುಂದೆ ಬಂತು. ಗಿರಾಕಿ ಗಿರಾಕಿಯೇ ಅಲ್ಲವೆ? "ಮೊದಲ್ನೇದು ಪುಕ್ಕಟೆ ರೀ" ಅಂತ ಪಾಕೀಟು ಬಿಚ್ಚಿ ಅಂಗೈಯಲ್ಲಿಟ್ಟೆ. ಕೈ ಸ್ವಲ್ಪ ಓರೆಯಾಯಿತು. ಇದ್ದಿಲು ಕೆಳಗೆ ಬಿತ್ತು. ಮೀನು ಒಳಗೆ ಹೋಯಿತು.

ಅದು ಬಂದದ್ದು ಅದೊಂದೇ ಸಲ. ಆಮೇಲೆ ಮಂಗಳವಾರ ಬೇರೆಯೇ ಕೈ ಬರತೊಡಗಿತು. ಒಣಗಿದ ಕೈ, ಮೇಲೆ ಬೂದಿ, ಹಿಡಿದ ಸ್ಟೀಲ್ ಡಬ್ಬಿಯಲ್ಲಿ ಸರಿಯಾಗಿ ರೊಕ್ಕ. ಶುಕ್ರವಾರ ಕೈಯೂ ಇಲ್ಲ, ಕಿಟಕಿಯಲ್ಲಿ ರೊಕ್ಕ ಹಾಕಿಟ್ಟ ಡಬ್ಬಿ ಒಂದೇ. ಮೀನು ತುಂಬಿ ಬಂದರೆ ಮುಂದಿನ ವಾರ ಡಬ್ಬಿಯ ಪಕ್ಕದಲ್ಲಿ ನನ್ನ ಇದ್ದಿಲು ಚೊಕ್ಕವಾಗಿ ತೊಳೆದು ಇಟ್ಟಿರುತ್ತಿತ್ತು.

ಹೊಸ ಗಿರಾಕಿ ಹಿಡಿದೆನೆಂದು ಬ್ಯಾಂಕಿನ ಹುಡುಗನ ಮುಂದೆ ಜಂಬ ಕೊಚ್ಚಿದೆ. ಅವನು ನನ್ನ ತೋಳು ಹಿಡಿದು ಪಕ್ಕಕ್ಕೆ ಎಳೆದ. "ಆ ಮನೆ ಖಾಲಿ ಕಣೋ! ಅಲ್ಲಿ ಯಾರೂ ಇಲ್ಲ."

ಮೇಡಂ ಬಂದರು, ನರ್ಸಮ್ಮ ಬಂದರು. ಮೇಡಂ ಮೆಲ್ಲಗೆ ಹೇಳಿದರು. "ಹಿಂದ ಒಬ್ಬಾಕಿ ಬಸುರಿ ಇದ್ದಳಂತ ಅಲ್ಲಿ. ಮೀನು ತಿನ್ನೋ ಬಯಕಿ ಆಗಿತ್ತಂತ. ಈ ಸಾಲಿನ್ಯಾಗ ಯಾರು ಕೊಡ್ತಾರ? ಸೀಮಂತದ ಹಸರು ಬಳಿ ಕೈಯಾಗ ಇದ್ದಂಗ ಜೀವ ಹೋತಂತ. ಅಮ್ಮಾರ ಹೇಳ್ಯಾರ ನನಗ."

"ಮತ್ತ ಆ ಬೂದಿ ಕೈ?" ಅಂದೆ.

"ಸುಡುಗಾಡಿನ ಬೂದಿ" ಅಂದರು ನರ್ಸಮ್ಮ.

ಅವತ್ತೇ ಸಾಲು ಪೂರ್ತಿ ಮೀನು ನಿಂತಿತು. "ನಿನ್ನ ಪೆಟ್ಟಿಗಿ ವಾಸನಿಗೇ ಅದು ಎದ್ದೈತಿ, ನಮ್ಮ ಬಾಗಲಿಗೆ ಬರಬ್ಯಾಡಪಾ" ಅಂದರು. ಪೆಟ್ಟಿಗೆ ತುಂಬಿದ್ದು ತುಂಬಿದ ಹಾಗೆ ವಾಪಸು ಬರಹತ್ತಿತು. ಐಸು ಕರಗಿದಂತೆ ನನ್ನ ಕಣ್ಣ ಮುಂದೆ ಗೊಬ್ಬರದ ಚೀಲಗಳು ಏಳತೊಡಗಿದವು. ಕೊನೆಗೆ ಎಲ್ಲರ ಮುಂದೆ ಎದೆ ತಟ್ಟಿದೆ. "ಬುಧವಾರ ಸಂಜಿಮುಂದ ಆ ಮನ್ಯಾಗ ನಾನ ಕೂಡ್ತೀನಿ. ದೆವ್ವ ಇಲ್ಲಂದ್ರ ನೀವು ಮೊದಲಿನಂಗ ಮೀನು ತಗೋಬೇಕು. ಇದ್ರ, ನಾ ಮೀನು ಬಿಟ್ಟು ಮಾವನ ಚೀಲ ಹೊರ್ತೀನಿ."

ಎಲ್ಲರೂ ನನ್ನನ್ನೇ ನೋಡಿದರು. ನರ್ಸಮ್ಮನ ಕಣ್ಣಲ್ಲಿ ನೀರು ಬಂದಂತಿತ್ತು.

"ಪೆಟ್ಟಿಗಿ ಹೊರಗ ಇಟ್ಟು ಹೋಗು ತಮ್ಮಾ. ನಿನಗ ಏನರ ಆದ್ರ ಸಿಗಡಿ ಸುಮ್ನ ಹಾಳಾಗತಾವ" ಅಂದರು.

೫. ಎಡೆ

ಆ ಮನೆಯ ಹಿಂಬಾಗಿಲು ಹಿತ್ತಲಿಗೆ ತೆರೆಯುತ್ತದೆ. ಆ ಹಿತ್ತಲು ಯಜಮಾನರ ಮನೆಗೂ ಅದೇ. ಇಬ್ಬರೂ ಗುಡಿ, ಭಜನೆ ಅಂತ ಹೋದ ಮೇಲೆ ಗೋಡೆ ಹಾರಿದೆ. ಮುಂದಿನ ಬೀಗ ತುಕ್ಕು ಹಿಡಿದಿತ್ತಲ್ಲ, ಹಿಂದಿನ ಚಿಲಕ ಮಾತ್ರ ಎಣ್ಣೆ ಬಿಟ್ಟಂತೆ ಸಪ್ಪಳವಿಲ್ಲದೆ ಸರಿಯಿತು. ಒಳಗೆ ಎಲ್ಲ ಕಡೆ ಧೂಳು. ನಡುವೆ ಮಾತ್ರ ಒಬ್ಬರು ಕೂರುವಷ್ಟು ನೆಲ ಹೊಳೆಯುತ್ತಿತ್ತು. ಅಲ್ಲಿ ಯಾರೋ ತಪ್ಪದೆ ಬಂದು ಕೂತು ಹೋಗುತ್ತಾರೆ.

ಬ್ಯಾಂಕಿನ ಹುಡುಗ ಹುರಿದ ಬಂಗುಡೆಯ ತಟ್ಟೆಯನ್ನು ಗೋಡೆಯ ಮೇಲಿಂದ ಕೊಟ್ಟು ಓಡಿಹೋದ. ಬಿಸಿ ತಟ್ಟೆಯನ್ನು ಆ ಹೊಳೆಯುವ ಜಾಗದಲ್ಲಿಟ್ಟು, ಎರಡೂ ಜೇಬು ತುಂಬ ಇದ್ದಿಲು, ಕೈಯಲ್ಲಿ ಕುಡುಗೋಲು ಹಿಡಿದು ಮೂಲೆಯಲ್ಲಿ ಕೂತೆ. ಗುಡಿಯ ಮೊದಲ ಗಂಟೆ ಬಾರಿಸಿತು. ಕಿಟಕಿಯ ಸಂದಿಯ ಬೆಳಕು ಬೂದಿಯಾಯಿತು, ಆಮೇಲೆ ಅದೂ ಹೋಯಿತು. ನನ್ನ ಕೈ ನನಗೆ ಕಾಣದು. ಮೀನಿನ ವಾಸನೆ ಮಾತ್ರ ಜೀವ ಬಂದಂತೆ ಮನೆಯೊಳಗೆ ಓಡಾಡುತ್ತಿತ್ತು.

ಹಿಂಬಾಗಿಲು ಸರಿಯಿತು.

ಯಾರೋ ಬಂದರು. ಹೆಜ್ಜೆಯಿಲ್ಲ. ಕೂತರು. ಮೆಲ್ಲಗೆ ಮೆಲ್ಲುವ ಸಪ್ಪಳ. ಸ್ವಲ್ಪ ಹೊತ್ತಿಗೆ ಬಾಗಿಲು ಮತ್ತೆ ಸರಿಯಿತು. ಇನ್ನೊಬ್ಬರು! ಮೆಲ್ಲುವ ಸಪ್ಪಳ ತಟ್ಟನೆ ನಿಂತಿತು. ಕತ್ತಲೆಯಲ್ಲಿ ಎರಡು ಉಸಿರು ಕೇಳುತ್ತಿದ್ದವು. ನನ್ನದೂ ಸೇರಿ ಮೂರು ಆಗಬೇಕಿತ್ತು, ಆದರೆ ನನ್ನದು ಆಗಲೇ ನಿಂತಿತ್ತು.

ಬಂದವರ ಕೈ ತಟ್ಟೆಯನ್ನು ತಡಕಿತು. ಅಲ್ಲಿ ಇನ್ನೊಂದು ಕೈ ಸಿಕ್ಕಿತು.

"ಶಿವಾ!" ಅಂತ ಒಂದು ಕೂಗು. "ಶಿವಶಿವಾ!" ಅಂತ ಇನ್ನೊಂದು. ಎರಡನ್ನೂ ಮೀರಿಸಿ "ಅವ್ವಾಽಽಽ!" ಅಂತ ಮೂರನೆಯದು. ಅದು ಇಡೀ ಓಣಿಗೆ ಕೇಳಿಸಿತಂತೆ. ಅದು ನಂದು.

ಮೊಬೈಲಿನ ಬ್ಯಾಟರಿ ಬೆಳಕು ಹಾಕಿದೆ. ಒಂದೇ ಬಂಗುಡೆ. ತಲೆ ಯಜಮಾನರ ಕೈಯಲ್ಲಿ, ಬಾಲ ಅಮ್ಮಾರ ಕೈಯಲ್ಲಿ. ಯಜಮಾನರ ಮುಂಗೈ ಮೇಲೆ ಮೂರೆಳೆ ವಿಭೂತಿ.

"ನೀವು ಗುಡಿಗೆ ಹೋಗಿದ್ರಲ್ರೀ!" ಅಂದರು ಅಮ್ಮಾರು.

"ನೀ ಭಜನಿಗೆ ಹೋಗಿದ್ದೆಲ್ಲ!" ಅಂದರು ಯಜಮಾನರು.

"ಮಂಗಳವಾರ ನೀವೇನ?"

"ಶುಕ್ರವಾರ ನೀನೇನ?"

ಮೀನನ್ನು ಇಬ್ಬರೂ ಬಿಡಲಿಲ್ಲ. ಅಮ್ಮಾರೇ ಕೊನೆಗೆ ನಿಟ್ಟುಸಿರಿಟ್ಟರು. "ಈ ಸಾಲಿನ ಹಂಚಿನ ವಾಸನಿ ವರ್ಷಾನುಗಟ್ಟಲೆ ಕುಡದೀವಿ. ಲೋಬಾನ ಹಾಕಿದ್ರ ಮೀನು ಮುಚ್ಚತೈತೇನು? ಒಮ್ಮಿ ಬಚ್ಚಲ ಒಲಿಮ್ಯಾಗ ಹುರದು ತಿಂದು ನೋಡೋಣು ಅಂತ ಬಂದೆ. ಒಮ್ಮಿಗೆ ಮುಗೀಲಿಲ್ಲ. ಸಾಲಿನ್ಯಾಗ ಮೀನು ನಿಂತು ನಾಲಿಗಿ ಕೆಟ್ಟಿತ್ತು, ಇವತ್ತು ಹುರದ ವಾಸನಿ ಬಂದ ಕೂಡ್ಲೆ ಭಜನಿ ಬಿಟ್ಟು ಎದ್ದು ಬಂದೆ." ಆಮೇಲೆ ನನ್ನ ಕಡೆ ತಿರುಗಿದರು. "ಲೇ, ನೀ ಸಿಕ್ಕಿದ್ದ ಚಲೋ ಆತು. ಮೀನಿನ ತೂಕದಾಗ ಇದ್ದಿಲು ಹಾಕಿ ಮಾರ್ತೀಯಲ್ಲ, ನಾಚಿಕಿ ಆಗಂಗಿಲ್ಲೇನ? ನಾವೂ ಕಾಳಿನ ಯಾಪಾರ ಮಾಡೀವಿ, ಹಿಂಗ ಕಲ್ಲು ಬೆರಸಿಲ್ಲ. ವಾರಾ ತೊಳದು ಕಿಟಕ್ಯಾಗ ಇಟ್ಟೆ, ಈಗರ ತಿಳಕೋತಾನ, ಈಗರ ತಿಳಕೋತಾನ ಅಂತ."

"ಅದು ತೂಕಕ್ಕಲ್ಲ ಅಮ್ಮಾರ, ದೆವ್ವ ಬರಬಾರದು ಅಂತ ಹಾಕೋದು."

"ಹಾಕಿದ್ರೂ ನಾವು ಬರಲಿಲ್ಲೇನಲೇ?" ಅಂದರು ಯಜಮಾನರು.

ಹೊರಗೆ ಓಣಿಯಲ್ಲಿ ಎಲ್ಲರೂ ಸೇರಿದ್ದರು. ನಮಗೆ ಮೂವರಿಗೂ ಒಂದೇ ಹೊತ್ತಿಗೆ ಹೊಳೆಯಿತು. ದೆವ್ವ ಇಲ್ಲ ಅಂದರೆ ಮೀನು ತಿಂದವರು ಯಾರು ಅಂತ ಕೇಳುತ್ತಾರೆ, ಇವರ ಮರ್ಯಾದೆ ಹೋಗುತ್ತದೆ. ಇದೆ ಅಂದರೆ ನನ್ನ ಧಂದೆ ಹೋಗುತ್ತದೆ. ಯಜಮಾನರು ತಲೆ ಕೆಳಗೆ ಹಾಕಿದರು. ಅಮ್ಮಾರು ಬಾಲ ಮುರಿದು ಬಾಯಿಗಿಟ್ಟುಕೊಂಡು, ಅದನ್ನು ನುಂಗುವುದರೊಳಗೆ ದಾರಿ ಹುಡುಕಿದ್ದರು. ಗಂಡನ ಕಿವಿಯಲ್ಲಿ ಏನೋ ಉಸುರಿದರು.

ಯಜಮಾನರು ಬಾಯಿ ಒರೆಸಿಕೊಂಡು, ಹಣೆಗೆ ಮತ್ತಿಷ್ಟು ವಿಭೂತಿ ಬಳಿದುಕೊಂಡು ಓಣಿಗೆ ಬಂದರು. "ಈ ಹುಡುಗ ಚೀರಿದ್ದು ಕೇಳಿ ಗುಡಿಯಿಂದ ಓಡಿ ಬಂದೆ. ಒಳಗ ಒಂದು ಬಡ ಜೀವ ಐತ್ರೀ. ಯಾರಿಗೂ ಏನೂ ಮಾಡಂಗಿಲ್ಲ. ಮಂಗಳವಾರ, ಶುಕ್ರವಾರ ಎಡಿ ಇಟ್ರ ಸಾಕು. ಏನು ಮಾಡೋದು, ಅದಕ್ಕ ಮೀನ ಬೇಕಂತ."

"ನಿಮ್ಮ ಸಾಲಿನ್ಯಾಗ ಮೀನಾ?" ಅಂದರು ಮೇಡಂ.

"ಅದು ಕೇಳಿದ ಮ್ಯಾಲೆ ನಾವು ಯಾರ್ರೀ ಬ್ಯಾಡ ಅನ್ನಾಕ? ಇವನ ಕೈಯಾಗಿಂದ ತಂದಿದ್ದಾದ್ರ ಅಷ್ಟ ಒಪ್ಪತೈತಿ. ಮತ್ತ ಸಾಲಿನ್ಯಾಗ ಎಲ್ರೂ ಉಣಬೇಕಂತ. ತಾನೊಂದ ಉಂಡ್ರ ಅದಕ್ಕ ಬ್ಯಾಸರ."

"ದೆವ್ವ ಇದ್ದರೆ ಗೊಬ್ಬರ ಹೊರ್ತೀನಿ ಅಂದಿದ್ದನಲ್ಲ ಇವನು?" ಅಂತ ಬ್ಯಾಂಕಿನ ಹುಡುಗ ಬಾಯಿ ಹಾಕಿದ.

"ಇವ ಚೀಲ ಹೊತ್ರ ಎಡಿ ಯಾರು ನಿಮ್ಮಪ್ಪ ತರ್ತಾನೇನು?" ಅಂದರು ಯಜಮಾನರು. ಮಾತು ಮುಗಿಯಿತು.

ಈಗ ಸಾಲಿನಲ್ಲಿ ಗಂಟೆಯ ಹಂಗಿಲ್ಲ, ಲೋಬಾನವಿಲ್ಲ. ಎಲ್ಲರೂ ಸೇರಿ ಎಡೆಗೆ ರೊಕ್ಕದ ಪಟ್ಟಿ ಎತ್ತುತ್ತಾರೆ. ಒಂದು ದಿನ ಅಮ್ಮಾರು ಹಿತ್ತಲಿಂದ ಕರೆದು ಪಿಸುಗುಟ್ಟಿದರು. "ಮುಂದಿನ ಸರ್ತಿ ಸಿಗಡಿ ತಾರಪಾ, ಸುಲದು ತಾ. ದೆವ್ವಕ್ಕ ಹಲ್ಲಿಲ್ಲ."

ನಗುತ್ತ ನಾನೂ ಕೇಳಿದೆ. "ಅಮ್ಮಾರ, ಆ ಹಸರು ಬಳಿ ಎಲ್ಲಿ? ಮೊದಲ್ನೇ ದಿನ ಕೈ ತುಂಬ ಹಾಕ್ಕೊಂಡಿದ್ರಿ."

"ಯಾವ ಹಸರು ಬಳಿ?" ಅಂತ ಊದಿದ ಕೈ ಚಾಚಿದರು. ಎರಡು ಬಂಗಾರದ ಬಳೆ ಚರ್ಮದೊಳಗೆ ಹೂತಿದ್ದವು. "ವಾತದ ಕೈಯಪಾ. ಗಾಜು ಏರಂಗಿಲ್ಲ ಅಂತ ಬಳಿಗಾರ ಕೈಮುಗದು ಹೋಗ್ಯಾನ. ಮತ್ತ ನಾ ಡಬ್ಬಿ ಇಟ್ಟು ಬಾಗಲ ಹಿಂದ ನಿಂದರತಿದ್ದೆ, ಕೈ ಹೊರಗ ಹಾಕಿದಾಕೀನ ಅಲ್ಲ."

"ಹಂಗಾರ ಆ ಬಸುರಿ..."

"ಅದು ನಾ ಕಟ್ಟಿದ ಕಥಿ. ಯಾರೂ ಆ ಕಡಿ ಹಾಯಬಾರದು ಅಂತ ಹೇಳಿದ್ದು. ಅಲ್ಲಿ ಅಂಥಾಕಿ ಯಾರೂ ಇರಲೇ ಇಲ್ಲ."

ಅವತ್ತಿನಿಂದ ಶುಕ್ರವಾರ ಮೂರು ಪಾಕೀಟು ಒಯ್ಯುತ್ತೇನೆ. ಎರಡು ಎಡೆಗೆ. ಮೂರನೆಯದಕ್ಕೆ ಇದ್ದಿಲು ಹಾಕುವುದಿಲ್ಲ. ಬಿಚ್ಚಿ ಕಿಟಕಿಯಲ್ಲಿಟ್ಟು, ಹಿಂದೆ ನೋಡದೆ ಬರುತ್ತೇನೆ. ಹೆದರಿ ಅಲ್ಲ, ದೆವ್ವ ಬಂದರೆ ಅದಕ್ಕೂ ಒಂದು ಪಾಕೀಟು ತಿನ್ನಿಸುತ್ತೇನೆ ಅಂತ ಅವ್ವನಿಗೆ ಕೊಟ್ಟ ಮಾತು ಅದು. ತೂಕ ಕಡಿಮೆ, ಮುಳ್ಳು ಜಾಸ್ತಿ, ಐಸಿನ ಮಾಲು ಅಂತ ಇದುವರೆಗೆ ಒಂದು ದಿನವೂ ತಕರಾರು ತೆಗೆಯದ ಗಿರಾಕಿ ಇಡೀ ಕೊಟ್ಟೂರಿನಲ್ಲಿ ಅದೊಂದೇ.